ತಾಪ, ಪಾಕ, ಸ್ಮೃತಿ: ಕಾದ ಹಾರ್ಡ್‌ಡಿಸ್ಕ್ ಎತ್ತುವ ಒಂದು ಹಳೆಯ ಪ್ರಶ್ನೆ

ಉಷ್ಣವು ಒಂದು ವಸ್ತುವನ್ನು ಹೊಕ್ಕಾಗ ಅದು ಅದೇ ವಸ್ತುವಾಗಿ ಉಳಿಯುತ್ತದೆಯೇ, ಅಥವಾ ಹಳೆಯದು ನಾಶವಾಗಿ ಅದರ ಜಾಗದಲ್ಲಿ ಹೊಸದೊಂದು ಹುಟ್ಟುತ್ತದೆಯೇ ಎಂಬ ಪ್ರಶ್ನೆಯನ್ನು ಭಾರತೀಯ ತಾರ್ಕಿಕರು ಕುಂಬಾರನ ಆವಿಗೆಯಲ್ಲಿ ಬೇಯುವ ಮಡಕೆಯನ್ನು ಮುಂದಿಟ್ಟುಕೊಂಡು ಶತಮಾನಗಳ ಕಾಲ ಚರ್ಚಿಸಿದರು. ಮಡಕೆ ಬರಿಯ ಪಾತ್ರೆಯಾದುದರಿಂದ ಆ ವಾದದಲ್ಲಿ ಗೆಲುವು ಯಾರದಾದರೂ ಲೋಕವ್ಯವಹಾರಕ್ಕೆ ಕೊರತೆಯೇನೂ ಆಗುತ್ತಿರಲಿಲ್ಲ. ಕಾಯುತ್ತಿರುವ ವಸ್ತು ನೆನಪನ್ನು ಹೊತ್ತ ವಸ್ತುವಾದರೆ ಅದೇ ಪ್ರಶ್ನೆಗೆ ಬೇರೆಯೇ ತೂಕ ಬರುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ 37-38 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಅಪರೂಪವಲ್ಲ. ಅಂಥ ಹೊತ್ತಿನಲ್ಲಿ ದಲಾಲಿ ಅಂಗಡಿಯ ಲೆಕ್ಕ, ಬೀಜೋತ್ಪಾದನೆಯ ದಾಖಲೆ, ತೀರಿಕೊಂಡ ಹಿರಿಯರ ಫೋಟೊ, ಮಗಳ ಮದುವೆಯ ವಿಡಿಯೊ ಎಲ್ಲವನ್ನೂ ಒಡಲಲ್ಲಿಟ್ಟುಕೊಂಡ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಮುಟ್ಟಲಾಗದಷ್ಟು ಬಿಸಿಯಾದಾಗ, ದುರಸ್ತಿಯ ಅಂಗಡಿಯವನು ಉತ್ತರಿಸಬೇಕಾದ ಪ್ರಶ್ನೆಯೊಂದು, ದರ್ಶನಶಾಸ್ತ್ರ ಉತ್ತರಿಸಬೇಕಾದ ಪ್ರಶ್ನೆಯೊಂದು, ಎರಡೂ ಒಟ್ಟಿಗೆ ಏಳುತ್ತವೆ. ಈ ಡಿಸ್ಕ್ ಕೆಟ್ಟರೆ ನಿಜವಾಗಿ ಕೆಡುವುದು ಏನು ಎಂಬುದು ಎರಡನೆಯ ಪ್ರಶ್ನೆ.

ಮೊದಲು ಯಂತ್ರದ ಸ್ಥಿತಿಯನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಯಂತ್ರವನ್ನು ತಿಳಿಯದೆ ಅದರ ಮೇಲೆ ಕಟ್ಟಿದ ತತ್ತ್ವ ಬಹುಬೇಗ ಬರಿಯ ರೂಪಕವಾಗಿಬಿಡುತ್ತದೆ. ಹಾರ್ಡ್‌ಡಿಸ್ಕ್ ಎಂದರೆ ಗಾಜಿನ ಅಥವಾ ಅಲ್ಯೂಮಿನಿಯಂನ ನುಣುಪಾದ ತಟ್ಟೆಗಳ ಮೇಲೆ ಕೋಬಾಲ್ಟ್ ಮಿಶ್ರಲೋಹದ ಅತಿ ತೆಳುವಾದ ಕಾಂತೀಯ ಲೇಪವನ್ನು ಹೊಂದಿದ ಸಾಧನ. ಬರಹವೆಂಬುದು ಆ ಲೇಪದ ಸೂಕ್ಷ್ಮ ಕಣಗಳು ಯಾವ ದಿಕ್ಕಿಗೆ ಕಾಂತೀಯವಾಗಿ ಮುಖ ಮಾಡಿವೆ ಎಂಬುದೇ ಹೊರತು ಬೇರೇನೂ ಅಲ್ಲ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಸಾಧನದಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದು ಅವೆಲ್ಲ ಸೇರಿ ಸುಮಾರು 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದವು. ಇಂದಿನ ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕ್ ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು ತಿರುಗುತ್ತದೆ, ಅಂದರೆ ತಟ್ಟೆಯ ಅಂಚು ಗಂಟೆಗೆ 60 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತಿರುತ್ತದೆ, ಮತ್ತು ಓದುವ-ಬರೆಯುವ ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ತಯಾರಕರು ಸಾಮಾನ್ಯವಾಗಿ 60 ಡಿಗ್ರಿಯ ಆಸುಪಾಸನ್ನು ಇದರ ಮೇಲ್ಮಿತಿಯಾಗಿ ಸೂಚಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾಂತೀಯ ವಸ್ತುವೊಂದು ತನ್ನ ಕಾಂತತ್ವವನ್ನು ಪೂರ್ತಿ ಕಳೆದುಕೊಳ್ಳುವ ಉಷ್ಣತೆಗೆ ಕ್ಯೂರಿ ಬಿಂದು ಎಂದು ಹೆಸರು. ಕಬ್ಬಿಣಕ್ಕೆ ಅದು 770 ಡಿಗ್ರಿ, ಶುದ್ಧ ಕೋಬಾಲ್ಟಿಗೆ 1100 ಡಿಗ್ರಿಗೂ ಮೇಲು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮರೆತುಬಿಟ್ಟ ಲ್ಯಾಪ್‌ಟಾಪು ಅದರ ಸಮೀಪಕ್ಕೂ ಹೋಗದು. ಹಾಗಾದರೆ ಬೇಸಿಗೆ ಕೆಡಿಸುವುದು ಬರಹವನ್ನಲ್ಲ, ಬರಹವನ್ನು ತಲುಪುವ ಸಲಕರಣೆಯನ್ನು: ಬೇರಿಂಗಿನ ಜಾರುಎಣ್ಣೆ ತೆಳುವಾಗುತ್ತದೆ, ಲೋಹಗಳು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಹೆಡ್ ದಾರಿ ತಪ್ಪುತ್ತದೆ, ವಿದ್ಯುತ್ ಹಲಗೆಯ ಚಿಪ್‌ಗಳು ಬಳಲುತ್ತವೆ. ಜನರ ಮಾತಿನಲ್ಲಿ ಡಿಸ್ಕ್ ‘ಸುಟ್ಟುಹೋಯಿತು’ ಎಂದಾಗ ತಟ್ಟೆಯ ಮೇಲಿನ ಬರಹ ಅನೇಕ ಸಲ ಇದ್ದ ಹಾಗೆಯೇ ಇರುತ್ತದೆ. ಮುಂದಿನ ಚರ್ಚೆಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ತಾಪಕ್ಕೆ ಕಾರಣವನ್ನು ಹುಡುಕುವ ಕ್ರಮ ಸಾಂಖ್ಯರಲ್ಲಿ ಸಿದ್ಧವಾಗಿಯೇ ಇದೆ. ಈಶ್ವರಕೃಷ್ಣನ ಸಾಂಖ್ಯಕಾರಿಕೆ ಆರಂಭವಾಗುವುದೇ ದುಃಖದ ಮೂರು ಬಗೆಯ ಪೆಟ್ಟಿನ ಪ್ರಸ್ತಾಪದಿಂದ: ತನ್ನ ದೇಹ-ಮನಸ್ಸುಗಳಿಂದಲೇ ಹುಟ್ಟುವುದು ಆಧ್ಯಾತ್ಮಿಕ, ಬೇರೆ ಜೀವಿಗಳಿಂದ ಬರುವುದು ಆಧಿಭೌತಿಕ, ಗಾಳಿ-ಬಿಸಿಲು-ಮಳೆ ಮುಂತಾದ ದೈವಶಕ್ತಿಗಳಿಂದ ಬರುವುದು ಆಧಿದೈವಿಕ. ಡಿಸ್ಕಿನ ತಾಪವೂ ಹೀಗೆ ಮೂರಾಗಿ ಒಡೆಯುತ್ತದೆ. ತನ್ನ ಮೋಟಾರಿನ ತಿರುಗುವಿಕೆಯಿಂದ ಅದಕ್ಕೆ ಒಳಗಿನ ಬಿಸಿ, ಪಕ್ಕದಲ್ಲೇ ದುಡಿಯುವ ಪ್ರೊಸೆಸರಿನಿಂದ, ಮುಚ್ಚಿಹೋದ ಗಾಳಿಕಿಂಡಿಯಿಂದ, ಹಾಸಿಗೆಯ ಮೇಲಿಟ್ಟು ಬಳಸುವ ಯಜಮಾನನಿಂದ ನೆರೆಯ ಬಿಸಿ, ಸೂರ್ಯನಿಂದ ಮೂರನೆಯದು. ಬ್ಯಾಡಗಿಯಲ್ಲಿ ಎರಡನೆಯ ಬಗೆಗೆ ಊರಿನದೇ ಆದ ಸೇರ್ಪಡೆಯಿದೆ: ಮೆಣಸಿನಕಾಯಿಯ ಹಂಗಾಮಿನಲ್ಲಿ ಮಾರುಕಟ್ಟೆಯ ಸುತ್ತ ಹಾರಾಡುವ ಘಾಟಿನ ದೂಳು ಮನುಷ್ಯರ ಮೂಗನ್ನು ಕಾಡುವಂತೆ ಯಂತ್ರದ ಫ್ಯಾನನ್ನೂ ಅದರ ಹಿಂದಿನ ಲೋಹದ ರೆಕ್ಕೆಗಳನ್ನೂ ಕಟ್ಟಿಹಾಕುತ್ತದೆ. ಡಿಸ್ಕಿನ ಉಸಿರುಕಿಂಡಿಗೆ ಸೋಸುಪದರ ಇರುವುದರಿಂದ ಆ ದೂಳು ತಟ್ಟೆಯನ್ನು ಮುಟ್ಟುವುದಿಲ್ಲ, ಆದರೆ ಹೊರಹೋಗಬೇಕಾದ ಬಿಸಿಯನ್ನು ಒಳಗೇ ನಿಲ್ಲಿಸುತ್ತದೆ.

ಪರಿಹಾರಗಳು ಎಲ್ಲರಿಗೂ ಗೊತ್ತಿರುವಂಥವೇ. ಫ್ಯಾನಿನ ದೂಳು ತೆಗೆಸುವುದು, ಲ್ಯಾಪ್‌ಟಾಪನ್ನು ಗಟ್ಟಿ ಮೇಜಿನ ಮೇಲಿಟ್ಟು ಹಿಂಬದಿಯನ್ನು ತುಸು ಎತ್ತರಿಸುವುದು, ಬೇಡದ ಪ್ರೋಗ್ರಾಮುಗಳನ್ನು ನಿಲ್ಲಿಸುವುದು, ಡಿಸ್ಕ್ ತಾನೇ ವರದಿ ಮಾಡುವ ಉಷ್ಣತೆಯನ್ನು ಆಗಾಗ ನೋಡುವುದು, ಬಿಸಿಲಿನ ತುತ್ತತುದಿಯ ಹೊತ್ತಿನಲ್ಲಿ ದೊಡ್ಡ ನಕಲು ಕೆಲಸವನ್ನು ಹಚ್ಚದಿರುವುದು, ಎಲ್ಲಕ್ಕಿಂತ ಮೊದಲು ಇನ್ನೊಂದು ಪ್ರತಿ ಮಾಡಿಡುವುದು. ಸಾಂಖ್ಯರು ಇಂಥ ಕಣ್ಣಿಗೆ ಕಾಣುವ ಉಪಾಯಗಳನ್ನು ಹೀಯಾಳಿಸುವುದಿಲ್ಲ. ಅವು ಏಕಾಂತಿಕವಲ್ಲ, ಅಂದರೆ ಫಲ ಕೊಟ್ಟೇ ತೀರುತ್ತವೆಂಬ ಖಚಿತತೆ ಅವಕ್ಕಿಲ್ಲ. ಆತ್ಯಂತಿಕವೂ ಅಲ್ಲ, ಅಂದರೆ ಒಮ್ಮೆ ಹೋದ ದುಃಖ ಮತ್ತೆ ಬಾರದೆಂಬ ಭರವಸೆ ಅವಕ್ಕಿಲ್ಲ ಎಂದಷ್ಟೇ ಹೇಳುತ್ತಾರೆ. ಈ ಮಾತಿಗೆ ಅನಿರೀಕ್ಷಿತ ಕಡೆಯಿಂದ ಬೆಂಬಲ ಬಂದಿದೆ. ಗೂಗಲ್ ಸಂಸ್ಥೆಯ ಮೂವರು ಸಂಶೋಧಕರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಇತಿಹಾಸವನ್ನು ಪರಿಶೀಲಿಸಿ ಪ್ರಕಟಿಸಿದ ವರದಿಯಲ್ಲಿ, ಉಷ್ಣತೆಗೂ ಡಿಸ್ಕ್ ಕೆಡುವುದಕ್ಕೂ ಇರುವ ನಂಟು ಎಲ್ಲರೂ ನಂಬಿದ್ದಷ್ಟು ಬಲವಾಗಿಲ್ಲ, ತೀರ ತಣ್ಣಗಿದ್ದ ಡಿಸ್ಕುಗಳೂ ಹೆಚ್ಚು ಕೆಟ್ಟಿವೆ, ಹೆಚ್ಚಿನ ತಾಪ ಎದ್ದುಕಾಣುವಂತೆ ಹಾನಿ ಮಾಡುವುದು ಮುಖ್ಯವಾಗಿ ವಯಸ್ಸಾದ ಡಿಸ್ಕುಗಳಿಗೆ ಎಂದು ಕಂಡುಬಂತು. ತಂಪು ಕಾಪಾಡಿದವನಿಗೂ ಡಿಸ್ಕ್ ಕೈಕೊಡುತ್ತದೆ. ಹಾಗೆಂದು ಫ್ಯಾನಿನ ದೂಳನ್ನು ಬಿಟ್ಟುಬಿಡಬೇಕೆಂದಲ್ಲ; ಉಪಾಯದ ಮೇಲೆ ಇಡುವ ನಂಬಿಕೆಗೆ ಒಂದು ಅಳತೆ ಬೇಕು.

ಮಡಕೆಯ ವಾದಕ್ಕೆ ಈಗ ಬರಬಹುದು. ಬೆಂಕಿಯ ಸಂಯೋಗದಿಂದ ವಸ್ತುವಿನಲ್ಲಿ ಹುಟ್ಟುವ ಗುಣಗಳಿಗೆ ಪಾಕಜಗಳೆಂದು ಹೆಸರು. ಹಸಿಮಡಕೆ ಕಪ್ಪು, ಬೆಂದ ಮಡಕೆ ಕೆಂಪು. ಈ ಬದಲಾವಣೆ ನಡೆದದ್ದು ಎಲ್ಲಿ? ಪ್ರಶಸ್ತಪಾದನ ಪರಂಪರೆಯ ವೈಶೇಷಿಕರ ಉತ್ತರಕ್ಕೆ ಪೀಲುಪಾಕವಾದವೆಂದು ಹೆಸರು, ಪೀಲು ಎಂದರೆ ಪರಮಾಣು. ಗಟ್ಟಿಯಾಗಿ ಒಟ್ಟುಗೂಡಿದ ಮಡಕೆಯ ಒಳಭಾಗಕ್ಕೆ ಬೆಂಕಿ ನುಗ್ಗಲಾರದಾದ್ದರಿಂದ, ಬೆಂಕಿಯ ಹೊಡೆತಕ್ಕೆ ಮಡಕೆ ಪರಮಾಣುಗಳಾಗಿ ಬಿಡಿಬಿಡಿಯಾಗಿ ಒಡೆಯುತ್ತದೆ, ಬಿಡಿ ಪರಮಾಣುಗಳಲ್ಲಿ ಕಪ್ಪು ಅಳಿದು ಕೆಂಪು ಹುಟ್ಟುತ್ತದೆ, ಆಮೇಲೆ ಅವು ಮತ್ತೆ ಕೂಡಿ ಹೊಸ ಮಡಕೆಯಾಗುತ್ತವೆ. ಇದೆಲ್ಲ ಎಷ್ಟು ವೇಗವಾಗಿ ನಡೆಯುತ್ತದೆಂದರೆ ನೋಡುವವನಿಗೆ ಒಂದೇ ಮಡಕೆ ಬಣ್ಣ ಬದಲಿಸಿದಂತೆ ತೋರುತ್ತದೆ. ನೈಯಾಯಿಕರ ಪಿಠರಪಾಕವಾದ ಇದನ್ನು ಒಪ್ಪುವುದಿಲ್ಲ; ಪಿಠರವೆಂದರೆ ಇಡಿಯ ಪಾತ್ರೆ. ಮಡಕೆಯಲ್ಲಿ ಸೂಕ್ಷ್ಮ ರಂಧ್ರಗಳಿವೆ, ಬೆಂಕಿ ಅವುಗಳ ಮೂಲಕ ಒಳಹೋಗುತ್ತದೆ, ಮಡಕೆ ಮಡಕೆಯಾಗಿಯೇ ಇದ್ದು ಬಣ್ಣ ಮಾತ್ರ ಬದಲಾಗುತ್ತದೆ ಎಂಬುದು ಅವರ ನಿಲುವು. ಅದಕ್ಕೆ ಅವರು ಕೊಡುವ ಮುಖ್ಯ ಸಾಕ್ಷ್ಯ ಪ್ರತ್ಯಭಿಜ್ಞೆ, ಅಂದರೆ ‘ಇದು ಅದೇ ಮಡಕೆ’ ಎಂದು ಗುರುತು ಹಿಡಿಯುವ ಅರಿವು. ವಿಜಯನಗರ ಕಾಲದ ಸರ್ವದರ್ಶನಸಂಗ್ರಹವು ಈ ಪಾಕದ ಪ್ರಕ್ರಿಯೆಯನ್ನು ಕ್ಷಣಕ್ಷಣವಾಗಿ ಎಣಿಸುವ ಸಾಮರ್ಥ್ಯವನ್ನು ವೈಶೇಷಿಕನ ಪಾಂಡಿತ್ಯದ ಒರೆಗಲ್ಲುಗಳಲ್ಲಿ ಒಂದಾಗಿ ಕಾಣುತ್ತದೆ. ಇಂದಿನ ಓದುಗನಿಗೆ ಇದು ಕೂದಲು ಸೀಳುವ ಕೆಲಸವೆಂದು ಕಂಡರೆ ಅವನನ್ನು ದೂರುವಂತಿಲ್ಲ.

ಆದರೆ ಬರೆಯುವ ಡಿಸ್ಕಿನಲ್ಲಿ ಆ ಕೂದಲು ಸೀಳುವಿಕೆಗೆ ಕೆಲಸವಿದೆ. ಬರಹದ ಕಣಗಳನ್ನು ಚಿಕ್ಕದು ಮಾಡುತ್ತ ಹೋದಷ್ಟೂ ಸುತ್ತಲಿನ ಸಾಧಾರಣ ಉಷ್ಣವೇ ಅವುಗಳ ದಿಕ್ಕನ್ನು ತಿರುಗಿಸಿಬಿಡಬಲ್ಲುದು. ಲೂಯಿ ನೀಲ್ ಎಂಬ ಫ್ರೆಂಚ್ ಭೌತವಿಜ್ಞಾನಿ 1949ರಲ್ಲಿ ಇದರ ಸಿದ್ಧಾಂತವನ್ನು ರೂಪಿಸಿದ. ಈ ಅಪಾಯವನ್ನು ತಪ್ಪಿಸಲು ಸುಲಭವಾಗಿ ದಿಕ್ಕು ಬದಲಿಸದ ಹಟಮಾರಿ ಲೋಹವನ್ನು ಆರಿಸಿದರೆ, ಅದರ ಮೇಲೆ ಬರೆಯುವುದೇ ಕಷ್ಟವಾಗುತ್ತದೆ. ಇತ್ತೀಚಿನ ದೊಡ್ಡ ಡಿಸ್ಕುಗಳಲ್ಲಿ ಇದಕ್ಕೆ ಕಂಡುಕೊಂಡ ದಾರಿಯೆಂದರೆ ಬರೆಯುವ ಚುಕ್ಕೆಯೊಂದನ್ನು ಮಾತ್ರ ಲೇಸರಿನಿಂದ 400 ಡಿಗ್ರಿಗೂ ಮೀರಿ, ನ್ಯಾನೊಸೆಕೆಂಡುಗಳ ಮಟ್ಟಿಗೆ ಕಾಯಿಸಿ, ಅದು ತನ್ನ ಹಳೆಯ ದಿಕ್ಕನ್ನು ಮರೆತ ಹೊತ್ತಿನಲ್ಲಿ ಹೊಸ ದಿಕ್ಕನ್ನು ಕೊಟ್ಟು ತಣಿಯಲು ಬಿಡುವುದು. ಕಣದ ಮಟ್ಟದಲ್ಲಿ ನಡೆದದ್ದು ಹಳೆಯ ಗುಣದ ಪೂರ್ಣ ನಾಶ ಮತ್ತು ಹೊಸ ಗುಣದ ಹುಟ್ಟು, ಪೀಲುಪಾಕದವರು ಬಯಸಿದ ಹಾಗೆ; ತಟ್ಟೆಯ ಮಟ್ಟದಲ್ಲಿ ಏನೂ ಒಡೆಯಲಿಲ್ಲ, ಪಿಠರಪಾಕದವರು ಬಯಸಿದ ಹಾಗೆ. ನೆನಪಿಗೆ ಉಷ್ಣ ಶತ್ರುವೆಂಬ ಸಾಮಾನ್ಯ ನಂಬಿಕೆಯೂ ಇಲ್ಲಿ ಸಡಿಲವಾಗುತ್ತದೆ, ಏಕೆಂದರೆ ಅಳಿಸುವ ಉಷ್ಣವೇ ಬರೆಯುವ ಉಷ್ಣವೂ ಆಗಿದೆ.

ಪ್ರತ್ಯಭಿಜ್ಞೆಯ ಸಾಕ್ಷ್ಯವೂ ಹೊಸ ರೂಪದಲ್ಲಿ ಬಂದಿದೆ. ಒಂದು ಕಡತವನ್ನು ಲೆಕ್ಕಕ್ಕೆ ಒಳಪಡಿಸಿ ಪಡೆಯುವ, ಒಂದಕ್ಷರ ಬದಲಾದರೂ ಪೂರ್ತಿ ಬೇರೆಯಾಗುವ ಗುರುತುಸಂಖ್ಯೆಗೆ ಹ್ಯಾಶ್ ಎನ್ನುತ್ತಾರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಕೊಡಬೇಕಾದ ಪ್ರಮಾಣಪತ್ರದಲ್ಲಿ ಇದನ್ನು ನಮೂದಿಸಬೇಕಾಗುತ್ತದೆ. ಹ್ಯಾಶ್ ಹೇಳುವುದು ‘ಇದು ಅದೇ ಬರಹ’ ಎಂದು, ‘ಇದು ಅದೇ ಡಿಸ್ಕ್’ ಎಂದಲ್ಲ. ನೈಯಾಯಿಕರು ಗುರುತಿನಿಂದ ಒಡಲಿನ ಏಕತೆಯನ್ನು ಸಾಧಿಸಲು ಹೊರಟಿದ್ದರೆ, ಇಲ್ಲಿ ಒಡಲು ಬೇರೆಯಾಗಿದ್ದರೂ ಗುರುತು ಕೂಡಿಬರುತ್ತದೆ. ದೀಪದ ಉರಿ ಕ್ಷಣಕ್ಷಣಕ್ಕೂ ಹೊಸದಾದರೂ ಒಂದೇ ಎಂದು ಗುರುತಿಸಲ್ಪಡುತ್ತದೆ ಎಂದು ಬೌದ್ಧರು ಅವರ ಮೇಲೆ ಹೂಡಿದ ಆಕ್ಷೇಪಕ್ಕೆ ಇಲ್ಲಿ ಬಲ ಬರುತ್ತದೆ. ಸ್ಮೃತಿಗೆ ಪ್ರಮಾಣದ ಸ್ಥಾನವುಂಟೇ ಎಂಬ ಇನ್ನೊಂದು ವಿವಾದವನ್ನೂ ಇಲ್ಲಿ ನೆನೆಯಬಹುದು. ನೈಯಾಯಿಕರೂ ಮೀಮಾಂಸಕರೂ ಅದು ಮೊದಲೇ ಅರಿತದ್ದನ್ನು ಮತ್ತೆ ಅರಿಯುವುದಷ್ಟೇ ಎಂದು ಅದನ್ನು ಪ್ರಮಾಣಗಳಿಂದ ಹೊರಗಿಟ್ಟರು. ಜೈನ ತಾರ್ಕಿಕ ಅಕಲಂಕ ಅದನ್ನು ಪರೋಕ್ಷ ಪ್ರಮಾಣಗಳಲ್ಲಿ ಒಂದಾಗಿ ಎಣಿಸಿದ. ಕರ್ನಾಟಕ ಸರ್ಕಾರ ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯ ಮೂಲಕ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿ, ಕೈಬರಹದ ಪಹಣಿಯ ಮಾನ್ಯತೆಯನ್ನು ತೆಗೆದುಹಾಕಿದಾಗ ಗೆದ್ದದ್ದು ಅಕಲಂಕನ ಪಕ್ಷವೆನ್ನಬೇಕು: ತಾಲೂಕು ಕಚೇರಿಯ ಕಿಟಕಿಯಲ್ಲಿ ರೈತನ ಹೊಲ ಯಾವುದೆಂಬುದಕ್ಕೆ ಯಂತ್ರದ ಸ್ಮೃತಿಯೇ ಪ್ರಮಾಣವಾಯಿತು.

ವೈಶೇಷಿಕರು ಹೇಳುವ 24 ಗುಣಗಳಲ್ಲಿ ಸಂಸ್ಕಾರವೆಂಬುದು ಒಂದು, ಮತ್ತು ಅದರಲ್ಲಿ ಮೂರು ಪ್ರಭೇದಗಳು. ಒಮ್ಮೆ ತಳ್ಳಿದ ವಸ್ತು ಚಲಿಸುತ್ತಲೇ ಇರುವಂತೆ ಮಾಡುವುದು ವೇಗ. ಬಗ್ಗಿಸಿದ ಕೊಂಬೆ ಮತ್ತೆ ತನ್ನ ಸ್ಥಿತಿಗೆ ಮರಳುವಂತೆ ಮಾಡುವುದು ಸ್ಥಿತಿಸ್ಥಾಪಕ. ಅನುಭವ ಮುಗಿದ ಮೇಲೂ ಅದರ ಅಚ್ಚಾಗಿ ಉಳಿದು ಮುಂದೆ ನೆನಪನ್ನು ಹುಟ್ಟಿಸುವುದು ಭಾವನೆ. ಮೊದಲ ಎರಡು ಜಡವಸ್ತುಗಳಲ್ಲಿ ಇರಬಲ್ಲವು, ಮೂರನೆಯದು ಆತ್ಮನಲ್ಲಿ ಮಾತ್ರ ಇರಬಲ್ಲುದು ಎಂಬುದು ಅವರ ನಿಯಮ. ತಿರುಗುವ ತಟ್ಟೆಯ ವೇಗವಿಲ್ಲದೆ ಅಚ್ಚನ್ನು ಓದಲಾಗದ ಹಾರ್ಡ್‌ಡಿಸ್ಕ್ ಮೊದಲನೆಯ ಮತ್ತು ಮೂರನೆಯ ಪ್ರಭೇದಗಳು ಒಂದೇ ಜಡದಲ್ಲಿ ಕೂಡಿದಂತೆ ತೋರಿ ಈ ನಿಯಮಕ್ಕೆ ಸವಾಲಾಗುತ್ತದೆ. ನ್ಯಾಯಶಾಸ್ತ್ರ ಆ ಸವಾಲಿಗೆ ಸೋಲಬೇಕಾಗಿಲ್ಲ. ಅಚ್ಚು ಇದ್ದ ಮಾತ್ರಕ್ಕೆ ನೆನಪು ಹುಟ್ಟುವುದಿಲ್ಲ, ಅದನ್ನು ಎಚ್ಚರಿಸುವ ಉದ್ಬೋಧಕ ಬೇಕು, ಅಂದರೆ ಹೋಲಿಕೆ, ಸಹವಾಸ, ಮನಸ್ಸಿನ ಏಕಾಗ್ರತೆ ಮುಂತಾದ ಪ್ರೇರಕ ಬೇಕು ಎಂದು ಆ ಶಾಸ್ತ್ರವೇ ಹೇಳಿದೆ. ತಟ್ಟೆಯ ಮೇಲೆ ಅಚ್ಚಿದೆ. ‘ಇವರು ನಮ್ಮ ಅಜ್ಜಿ’ ಎಂದು ಎಚ್ಚರುವುದು ನೋಡುವವನಲ್ಲಿ. ಹೀಗೆ ನೋಡಿದರೆ ಯಂತ್ರದ ‘ಮೆಮೊರಿ’ಯನ್ನು ಸ್ಮೃತಿಯೆಂದು ಕರೆಯುವುದು ಸಡಿಲವಾದ ಮಾತು, ಅದು ಸ್ಮೃತಿಯ ಒಂದು ಅರ್ಧ.

ಇಲ್ಲಿಂದ ಮುಂದಿನ ಹೆಜ್ಜೆಗೆ ರಾಣೆಬೆನ್ನೂರಿನ ನೆಲವೇ ಉದಾಹರಣೆಯನ್ನು ಒದಗಿಸುತ್ತದೆ. ಹತ್ತಿ ಮತ್ತು ತರಕಾರಿಗಳ ಸಂಕರ ಬೀಜೋತ್ಪಾದನೆಗೆ ಹೆಸರಾದ ಈ ತಾಲೂಕಿನ ರೈತರಿಗೆ, ಬೀಜವೆಂಬುದು ಹೊರಗಿನಿಂದ ನೋಡಿದರೆ ತಿಳಿಯದ ವಸ್ತು ಎಂಬುದು ಚೆನ್ನಾಗಿ ಗೊತ್ತು. ಬೀಜದ ತೇವ ಶೇಕಡ 1ರಷ್ಟು ಇಳಿದರೆ, ಅಥವಾ ಕೂಡಿಟ್ಟ ಜಾಗದ ಉಷ್ಣತೆ 5 ಡಿಗ್ರಿಯಷ್ಟು ಇಳಿದರೆ, ಅದರ ಆಯುಸ್ಸು ಇಮ್ಮಡಿಯಾಗುತ್ತದೆ ಎಂಬುದು ಹ್ಯಾರಿಂಗ್ಟನ್ ಎಂಬ ಬೀಜವಿಜ್ಞಾನಿಯ ಹೆಸರಿನಲ್ಲಿ ಪ್ರಸಿದ್ಧವಾದ ಸ್ಥೂಲ ಸೂತ್ರ. ಮಿತಿ ಮೀರಿ ಕಾದ ಬೀಜ ಬಣ್ಣ, ಆಕಾರ, ತೂಕ ಯಾವುದರಲ್ಲೂ ಬೇರೆಯಾಗಿ ಕಾಣದೆ, ಮೊಳೆಯುವ ಶಕ್ತಿಯನ್ನು ಮಾತ್ರ ಕಳೆದುಕೊಂಡಿರುತ್ತದೆ. ಯೋಗಸೂತ್ರದ ಮೇಲಿನ ವ್ಯಾಸಭಾಷ್ಯ ಬಳಸುವುದು ಇದೇ ದೃಷ್ಟಾಂತವನ್ನು. ಜ್ಞಾನಿಯಲ್ಲಿ ಕ್ಲೇಶಗಳು, ಅಂದರೆ ಅವಿದ್ಯೆ, ಅಹಂಕಾರ, ರಾಗ, ದ್ವೇಷ, ಬದುಕಿನ ಮೇಲಿನ ಅಂಟು, ಇವು ದಗ್ಧಬೀಜದಂತೆ ಹುರಿದು ಮತ್ತೆ ಮೊಳೆಯದ ಸ್ಥಿತಿಗೆ ಬರುತ್ತವೆ. ಅದೇ ಶಾಸ್ತ್ರ ಇದಕ್ಕಿಂತ ಬೇರೆಯಾದ ಇನ್ನೊಂದು ಸ್ಥಿತಿಯನ್ನೂ ಹೇಳುತ್ತದೆ: ಪ್ರಸುಪ್ತ, ಅಂದರೆ ಶಕ್ತಿ ಪೂರ್ತಿ ಉಳಿದಿದ್ದು ಅವಕಾಶವಿಲ್ಲದೆ ಮಲಗಿರುವುದು. ಮಲಗಿದ ಕ್ಲೇಶವೂ ಹುರಿದ ಕ್ಲೇಶವೂ ಹೊರನೋಟಕ್ಕೆ ಒಂದೇ. ವಿಷಯ ಎದುರಾದಾಗ ಮಲಗಿದ್ದು ಏಳುತ್ತದೆ, ಹುರಿದದ್ದು ಏಳುವುದಿಲ್ಲ.

ತಾಪದಿಂದ ಕೆಟ್ಟ ಡಿಸ್ಕಿನ ವಿಷಯದಲ್ಲಿ ಜನರು ಮಾಡುವ ಎಲ್ಲ ತಪ್ಪೂ ಈ ಎರಡನ್ನು ಬೆರೆಸುವುದರಲ್ಲೇ ಇದೆ. ‘ಕರ್ ಕರ್’ ಎಂದು ಸದ್ದು ಮಾಡಿ ನಿಂತ ಡಿಸ್ಕನ್ನು ದಗ್ಧವೆಂದು ಬಗೆದು ಎಸೆಯುತ್ತಾರೆ, ಅದು ಅನೇಕ ಸಲ ಪ್ರಸುಪ್ತ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹೆಡ್ಡನ್ನು ದೂಳಿಲ್ಲದ ಕೋಣೆಯಲ್ಲಿ ಇದಕ್ಕೆ ಜೋಡಿಸಿದರೆ ಬರಹ ಬಹಳಷ್ಟು ಸಲ ಎದ್ದು ಬರುತ್ತದೆ, ಖರ್ಚು ಮಾತ್ರ ಡಿಸ್ಕಿನ ಬೆಲೆಗಿಂತ ಹತ್ತಾರು ಪಟ್ಟು. ಇದಕ್ಕೆ ಎದುರಾಗಿ, ಮಾರುವ ಮೊದಲು ಎಲ್ಲವನ್ನೂ ‘ಡಿಲೀಟ್’ ಮಾಡಿದ ಲ್ಯಾಪ್‌ಟಾಪು ದಗ್ಧವಾಯಿತೆಂದು ನಂಬುತ್ತಾರೆ. ಅಲ್ಲಿ ಅಳಿದದ್ದು ಹೆಸರಿನ ಪಟ್ಟಿ ಮಾತ್ರ, ಮೇಲೆ ಬೇರೆ ಬರಹ ಬೀಳುವ ತನಕ ಒಳಗಿನದು ಮಲಗಿಯೇ ಇರುತ್ತದೆ, ಮತ್ತು ಒಂದು ಮನೆಯ ಲೇವಾದೇವಿ, ಜಗಳ, ಪ್ರೇಮಪತ್ರಗಳೆಲ್ಲ ಕೊಂಡವನ ಮನೆಗೆ ನಡೆದುಹೋಗುತ್ತವೆ. ಹೊಸ ಲ್ಯಾಪ್‌ಟಾಪುಗಳಲ್ಲಿರುವ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಗಳಲ್ಲಿ ಸ್ಥಿತಿ ಇದಕ್ಕೆ ವಿರುದ್ಧ: ಅಲ್ಲಿ ಬರಹವೇ ವಿದ್ಯುದಂಶದ ಶೇಖರಣೆ, ಅದು ಸೋರುತ್ತದೆ, ಬಿಸಿಯಲ್ಲಿ ಇನ್ನೂ ಬೇಗ ಸೋರುತ್ತದೆ. ಬರೆಯುವ ಆಯುಸ್ಸು ಮುಗಿದ ಎಸ್‌ಎಸ್‌ಡಿ ವಿದ್ಯುತ್ ಸಂಪರ್ಕವಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಬರಹವನ್ನು ಹಿಡಿದಿರಬೇಕೆಂಬುದು ಉದ್ಯಮದ ಮಾನದಂಡ. ಹಾವೇರಿಯ ಬೇಸಿಗೆಯ ಕಪಾಟು 30 ಡಿಗ್ರಿಯಲ್ಲಿ ಇರುವುದಿಲ್ಲ. ಹಳೆಯ ತಟ್ಟೆಯಲ್ಲಿ ದಾರಿ ಕೆಡುತ್ತದೆ, ಬರಹ ಉಳಿಯುತ್ತದೆ. ಹೊಸದರಲ್ಲಿ ದಾರಿ ನೆಟ್ಟಗಿರುತ್ತದೆ, ಬರಹ ಕರಗುತ್ತದೆ.

ಮರೆವಿಗೂ ಒಂದು ಬಿಸಿಯಿದೆ. ರಾಲ್ಫ್ ಲ್ಯಾಂಡೌರ್ 1961ರಲ್ಲಿ ತೋರಿಸಿದಂತೆ, ಒಂದು ಬಿಟ್ ಮಾಹಿತಿಯನ್ನು ಅಳಿಸಿದಾಗ ಒಂದು ಕನಿಷ್ಠ ಪ್ರಮಾಣದ ಉಷ್ಣ ಹೊರಬರಲೇಬೇಕು. ಆ ಪ್ರಮಾಣ ಊಹೆಗೂ ನಿಲುಕದಷ್ಟು ಅಲ್ಪವಾದರೂ 2012ರಲ್ಲಿ ಅದನ್ನು ಪ್ರಯೋಗದಿಂದ ಅಳೆಯಲಾಯಿತು. ಕರ್ಮವನ್ನು ಜ್ಞಾನಾಗ್ನಿ ಸುಡುತ್ತದೆಂಬ ಗೀತೆಯ ಕಲ್ಪನೆಗೂ, ತಪಸ್ಸಿನಿಂದ ಕರ್ಮಪುದ್ಗಲಗಳು ಉದುರುವ ಜೈನರ ನಿರ್ಜರೆಗೂ ಇದು ಪುರಾವೆಯೆಂದು ಹೇಳುವ ಉತ್ಸಾಹಿಗಳಿದ್ದರೆ ಅವರನ್ನು ತಡೆಯಬೇಕು. ಭೌತಶಾಸ್ತ್ರದ ನಿಯಮವೊಂದು ಮೋಕ್ಷಶಾಸ್ತ್ರಕ್ಕೆ ಸಾಕ್ಷಿ ಹೇಳಲು ಬಂದಿಲ್ಲ. ಅದರಿಂದ ತಿಳಿಯುವುದಿಷ್ಟೇ: ಅಳಿಸುವುದು ಬರಿಯ ಅಭಾವವಲ್ಲ, ಬೆಲೆ ತೆತ್ತು ಮಾಡುವ ಕ್ರಿಯೆ.

ಕೆಡುವ ಒಡಲಿನಿಂದ ಕೆಡದ ಇನ್ನೊಂದು ಒಡಲಿಗೆ ಬರಹವನ್ನು ದಾಟಿಸುವುದು ಸಾಂಖ್ಯರ ಲಿಂಗಶರೀರದ ಕಲ್ಪನೆಯನ್ನು ನೆನಪಿಸುತ್ತದೆ. ಸ್ಥೂಲದೇಹ ಬಿದ್ದಾಗ ಸಂಸ್ಕಾರಗಳನ್ನು ಹೊತ್ತು ಇನ್ನೊಂದು ದೇಹಕ್ಕೆ ಸಾಗುವ ಸೂಕ್ಷ್ಮದೇಹ ಅದು. ಹೋಲಿಕೆ ಆಕರ್ಷಕವಾದರೂ ಮುರಿಯುವ ಜಾಗ ಸ್ಪಷ್ಟವಿದೆ: ಲಿಂಗಶರೀರ ಎಂದೂ ಎರಡಾಗುವುದಿಲ್ಲ, ಬ್ಯಾಕಪ್ ಎಂಬುದರ ಸ್ವಭಾವವೇ ಎರಡಾಗುವುದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅದರಲ್ಲಿ ಒಂದು ಬೇರೆ ಊರಿನಲ್ಲಿ ಎಂಬ ತಂತ್ರಜ್ಞರ ಸೂತ್ರಕ್ಕೆ ಹತ್ತಿರದ ಪೂರ್ವಿಕರನ್ನು ಪುನರ್ಜನ್ಮದ ಸಿದ್ಧಾಂತದಲ್ಲಿ ಹುಡುಕುವುದಕ್ಕಿಂತ ಓಲೆಗರಿಯ ಪ್ರತಿಕಾರರಲ್ಲಿ ಹುಡುಕುವುದು ಮೇಲು.

ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ ಇದನ್ನು ಕಣ್ಣಾರೆ ನೋಡಿ ವಿಚಾರ ಮಾಡಬಹುದು. ತುಂಗಭದ್ರೆಯ ದಂಡೆಯ ಮುಕ್ತೇಶ್ವರ ದೇವಾಲಯದ ಆವರಣದಲ್ಲಿ ಗುತ್ತಲದ ಗುತ್ತ ಅರಸರ ಕಾಲದ ದೀರ್ಘವಾದ ಕನ್ನಡ ಶಾಸನಗಳಿವೆ. ಏಳೆಂಟು ನೂರು ಬೇಸಿಗೆಗಳನ್ನು ಕಂಡ ಆ ಕಲ್ಲುಗಳನ್ನು ಇಂದಿಗೂ ಓದಬಹುದು. ಅದೇ ಊರು ಅಂಬಿಗರ ಚೌಡಯ್ಯನ ಐಕ್ಯಸ್ಥಳವೆಂದು ಪ್ರಸಿದ್ಧ, ಮತ್ತು ಅವನ ವಚನಗಳು ಉಳಿದುಬಂದದ್ದು ಕಲ್ಲಿನಲ್ಲಲ್ಲ. ಕೆಲವು ಶತಮಾನಗಳಲ್ಲಿ ಒಣಗಿ ಮುರಿಯುವ, ಹುಳು ತಿನ್ನುವ ಓಲೆಗರಿಯ ಮೇಲೆ, ಹಳೆಯ ಕಟ್ಟು ಕೆಡುವ ಮೊದಲು ಹೊಸ ಕಟ್ಟಿಗೆ ಕೈಯಿಂದ ಕೈಗೆ ದಾಟುತ್ತ ಬಂದವು ಅವು, ಫ.ಗು. ಹಳಕಟ್ಟಿಯವರು ಇಂಥ ಕಟ್ಟುಗಳನ್ನು ಊರೂರಿನಿಂದ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಸ್ಥಾವರವನ್ನು ಇಳಿಸಿ ಜಂಗಮವನ್ನು ಎತ್ತಿಹಿಡಿದ ಬಸವಣ್ಣನ ನಿಲುವಿಗೆ ಇದೊಂದು ನಿದರ್ಶನವೆಂದು ಹೇಳುವುದು ಸುಲಭ, ಭಾಷಣಗಳಲ್ಲಿ ಕೇಳಲು ಚೆನ್ನಾಗಿಯೂ ಇರುತ್ತದೆ. ಆದರೆ ಚೌಡಯ್ಯದಾನಪುರದ ಕಲ್ಲು ಅಳಿದಿಲ್ಲ, ಮತ್ತು ನಕಲಾಗದೆ ನಿಂತ ಎಷ್ಟೋ ಓಲೆಕಟ್ಟುಗಳು ಹೆಸರಿಲ್ಲದೆ ಅಳಿದಿವೆ. ಅಲ್ಲದೆ ನಕಲಿನಲ್ಲಿ ಪಾಠಾಂತರಗಳು ನುಸುಳುತ್ತವೆ, ಕಲ್ಲಿನಲ್ಲಿ ನುಸುಳುವುದಿಲ್ಲ. ಸ್ಥಾವರ-ಜಂಗಮಗಳ ಮಾತು ಭಕ್ತಿಯ ಬಗೆಗೆ ಆಡಿದ್ದೇ ಹೊರತು ದಾಖಲೆಯ ಸಂರಕ್ಷಣೆಯ ಬಗೆಗಲ್ಲ. ಅದನ್ನು ಡಿಸ್ಕಿಗೆ ಅನ್ವಯಿಸುವುದಾದರೆ, ತಟ್ಟೆಯನ್ನು ತಂಪಾಗಿಡುವುದೂ ಅದರ ನಕಲನ್ನು ನಡೆಸುತ್ತಿರುವುದೂ ಎರಡೂ ಬೇಕು ಎಂಬ ಸಪ್ಪೆ ತೀರ್ಮಾನಕ್ಕೇ ಬರಬೇಕಾಗುತ್ತದೆ. ಬ್ಯಾಡಗಿಯ ವ್ಯಾಪಾರಿಗಳು ಇದನ್ನು ಬೇರೆ ಸರಕಿನಲ್ಲಿ ಬಲ್ಲರು: 2011ರಲ್ಲಿ ಭೌಗೋಳಿಕ ಗುರುತು ಪಡೆದ ಅವರ ಮೆಣಸಿನಕಾಯಿ ಬಿಸಿಲಿನಲ್ಲಿ ಒಣಗಿಯೇ ಸರಕಾಗುತ್ತದೆ, ಆ ಕೆಂಪು ಮಾಸದಿರಲು ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ, ಆದರೂ ಕೊನೆಗೆ ಅಲ್ಲಿಂದ ಹೊರಟು ಕೊಳ್ಳುವವನನ್ನು ತಲುಪಲೇಬೇಕು.

ಉದ್ಬೋಧಕದ ಮಾತಿಗೆ ಮರಳಿದರೆ, ಒಡಲಿನ ತಾಪಕ್ಕಿಂತ ದೊಡ್ಡ ನಷ್ಟವೊಂದು ಕಾಣುತ್ತದೆ. ಹಾವೇರಿ ಸೀಮೆಯ ಊರುಗಳಲ್ಲಿ ಗುಡಿಯ ಬದಿಗೋ ಕೆರೆಯ ಏರಿಯ ಮೇಲೋ ನಿಂತ ವೀರಗಲ್ಲುಗಳಲ್ಲಿ ಬರಹವಿರುವವು ಇವೆ, ಬರಹವಿಲ್ಲದವೂ ಇವೆ. ಬರಹವಿಲ್ಲದ ಕಲ್ಲಿನಲ್ಲಿ ಕುದುರೆ, ಕತ್ತಿ, ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು ಎಲ್ಲ ಸ್ಫುಟವಾಗಿದ್ದಾರೆ, ಸತ್ತವನು ಯಾರೆಂದು ಹೇಳುವವರಿಲ್ಲ. ಅಚ್ಚು ಪೂರ್ತಿ ಉಳಿದಿದೆ, ಸ್ಮೃತಿ ಪೂರ್ತಿ ಹೋಗಿದೆ. ತಣ್ಣಗಿಟ್ಟ, ಮೂರು ಪ್ರತಿ ಮಾಡಿದ, ಹ್ಯಾಶ್ ಕೂಡಿಬಂದ ಡಿಸ್ಕಿನೊಳಗಿನ ಸಾವಿರಾರು ಫೋಟೊಗಳಿಗೂ ಎರಡು ತಲೆಮಾರಿನ ನಂತರ ಇದೇ ಗತಿಯಾಗಬಹುದು, ಏಕೆಂದರೆ ಕ್ಯಾಮೆರಾ ಅವುಗಳಿಗೆ ಕೊಟ್ಟಿರುವ ಹೆಸರು ಬರಿಯ ಅಂಕಿ. ತೆಗೆದ ದಿನ, ಗಂಟೆ, ಕೆಲವೊಮ್ಮೆ ಸ್ಥಳವನ್ನೂ ಯಂತ್ರ ತಾನಾಗಿ ದಾಖಲಿಸುತ್ತದೆ. ಎಡಗಡೆ ನಿಂತವರು ಸೋದರತ್ತೆಯೋ ದೊಡ್ಡಮ್ಮನೋ ಎಂಬುದನ್ನು ದಾಖಲಿಸುವುದಿಲ್ಲ. ದಾಟಿಸುವ ಕೆಲಸದಲ್ಲಿ ಓಲೆಗರಿಯ ಪ್ರತಿಕಾರರು ಇಂದಿನವರಿಗಿಂತ ಮುಂದಿದ್ದದ್ದು ಈ ಒಂದು ವಿಷಯದಲ್ಲಿ: ಕಟ್ಟಿನ ಕೊನೆಗೆ ಯಾವ ಸಂವತ್ಸರ, ಯಾವ ಮಾಸ-ತಿಥಿಯಲ್ಲಿ, ಯಾರ ಮಗ ಯಾರು, ಯಾರ ಓದಿಗಾಗಿ ಬರೆದದ್ದು ಎಂದು ಕೆಲವು ಸಾಲು ಸೇರಿಸುವ ರೂಢಿಯನ್ನು ಅವರಲ್ಲಿ ಬಹಳ ಮಂದಿ ಇಟ್ಟುಕೊಂಡಿದ್ದರು. ಆ ಸಾಲುಗಳಿರುವ ಗರಿ ಕಳೆದುಹೋದ ಕಟ್ಟುಗಳ ಕಾಲವನ್ನು ಹೇಳಲು ಗ್ರಂಥಸಂಪಾದಕರು ಇಂದಿಗೂ ಅಕ್ಷರದ ರೂಪವನ್ನೂ ಕಾಗುಣಿತದ ರೂಢಿಯನ್ನೂ ಒಂದೊಂದಾಗಿ ಹೋಲಿಸಿ ನೋಡುತ್ತಾರೆ, ಮತ್ತು ಅನೇಕ ಸಲ ಒಂದು ಶತಮಾನದ ಅಂತರವನ್ನು ಹಾಗೆಯೇ ಬಿಟ್ಟು ಮುಂದೆ ಸಾಗುತ್ತಾರೆ.